ಹಳೇ ಟ್ರ್ಯಾಕ್ಟರ್‌ಗೆ 12 ವೋಲ್ಟ್: ಯಾರಿಗೆ ಬೇಕು, ಯಾವ ದಾರಿಯಲ್ಲಿ?

"ಸೆಲ್ಫ್ ಹೊಡೆದರೆ ಇಂಜಿನ್ ಎರಡು ಸುತ್ತು ತಿರುಗಿ ನಿಂತುಬಿಡುತ್ತೆ. 12 ವೋಲ್ಟ್ ಮಾಡಿಸಿಬಿಡಲಾ?" 1940–50ರ ದಶಕದ ಪೆಟ್ರೋಲ್ ಟ್ರ್ಯಾಕ್ಟರ್ ಇಟ್ಟುಕೊಂಡವರ ಬಾಯಲ್ಲಿ ಬರುವ ಮೊದಲ ಪ್ರಶ್ನೆ ಇದು. ಫೋರ್ಡ್ 8ಎನ್, ಫಾರ್ಮಾಲ್ ಎಚ್, ಫಾರ್ಮಾಲ್ ಎಂ ಥರದ ಗಾಡಿಗಳು ಕಾರ್ಖಾನೆಯಿಂದ ಬಂದದ್ದೇ 6 ವೋಲ್ಟ್‌ನಲ್ಲಿ. ಅದೂ ಬ್ಯಾಟರಿಯ ಪಾಸಿಟಿವ್ ಕಡೆಯನ್ನು ಗಾಡಿಯ ಲೋಹದ ಮೈಗೆ ಜೋಡಿಸಿ, ಅಂದರೆ ಅರ್ಥ್ ಮಾಡಿ.

ಈ ಪ್ರಶ್ನೆಗೆ ಬರುವ ಉತ್ತರಗಳು ನೂರೆಂಟು. ಒಬ್ಬರು "ಆಲ್ಟರ್ನೇಟರ್ ಹಾಕಿ, ಮರೆತುಬಿಡಿ" ಅಂತಾರೆ (ಡೈನಮೋ ಬದಲು ಬ್ಯಾಟರಿ ಚಾರ್ಜ್ ಮಾಡುವ ಹೊಸ ಬಗೆಯ ಯಂತ್ರ ಅದು). ಇನ್ನೊಬ್ಬರು "ಬರೀ ಬ್ಯಾಟರಿ ಬದಲಾಯಿಸಿ ಸಾಕು" ಅಂತಾರೆ. ಮತ್ತೊಬ್ಬರು 6 ವೋಲ್ಟನ್ನು ಮುಟ್ಟಲೇಬೇಡಿ ಅಂತಾರೆ. ಮೂವರ ಮಾತಲ್ಲೂ ಹುರುಳಿದೆ. ಆದರೆ ಮೂವರೂ ಬೇರೆ ಬೇರೆ ಟ್ರ್ಯಾಕ್ಟರ್ ಬಗ್ಗೆ ಮಾತಾಡುತ್ತಿದ್ದಾರೆ. ನಿಮ್ಮದು ಯಾವುದು ಅನ್ನೋದನ್ನು ಮೊದಲು ನೋಡೋಣ.

ವೋಲ್ಟ್ ಜಾಸ್ತಿ ಆದರೆ ನಿಜಕ್ಕೂ ಏನು ಸಿಗುತ್ತದೆ?

ಸೆಲ್ಫ್ ಮೋಟರಿಗೆ 1200 ವಾಟ್ ಬೇಕು ಅಂತ ಇಟ್ಟುಕೊಳ್ಳಿ. 6 ವೋಲ್ಟ್‌ನಲ್ಲಿ ಅದಕ್ಕೆ 200 ಆಂಪಿಯರ್ ಹರಿಯಬೇಕು. 12 ವೋಲ್ಟ್‌ನಲ್ಲಿ 100 ಸಾಕು. ಈಗ ದಾರಿಯಲ್ಲಿ ಎಲ್ಲೋ ತುಕ್ಕು ಹಿಡಿದ ಒಂದು ಲಗ್ (ಕೇಬಲ್ ತುದಿಯ ಲೋಹದ ಕೊಂಡಿ) ಇದೆ, ಅದರ ರೆಸಿಸ್ಟೆನ್ಸ್ 0.005 ಓಮ್. ಸಾಮಾನ್ಯ ಮೀಟರಿಗೆ ಕಾಣದಷ್ಟು ಚಿಕ್ಕದು. 200 ಆಂಪಿಯರ್ ಹರಿದಾಗ ಅಲ್ಲಿ 1 ವೋಲ್ಟ್ ಸೋರಿಹೋಗುತ್ತದೆ. 6ರಲ್ಲಿ 1 ಹೋಯಿತು, ಅಂದರೆ ಆರನೇ ಒಂದು ಭಾಗ. 100 ಆಂಪಿಯರ್ ಹರಿದಾಗ ಹೋಗುವುದು ಅರ್ಧ ವೋಲ್ಟ್. 12ರಲ್ಲಿ ಅರ್ಧ, ಅಂದರೆ 24ನೇ ಒಂದು ಭಾಗ. ಅದೇ ಕೆಟ್ಟ ಜಾಯಿಂಟ್, ನಷ್ಟ ಮಾತ್ರ ನಾಲ್ಕನೇ ಒಂದಕ್ಕೆ ಇಳಿಯಿತು. 12 ವೋಲ್ಟ್ ಕೆಟ್ಟ ವೈರಿಂಗನ್ನು ಸಹಿಸಿಕೊಳ್ಳುತ್ತದೆ. ಅದರ ದೊಡ್ಡ ಗುಣ ಇದೇ.

ಆದರೆ ಈ ಲೆಕ್ಕ 12 ವೋಲ್ಟ್‌ಗೆ ಅಂತಲೇ ಮಾಡಿದ ಸೆಲ್ಫ್‌ಗೆ ಮಾತ್ರ ಸರಿ. ಬದಲಾಯಿಸುವವರಲ್ಲಿ ಬಹಳ ಜನ ಹಳೇ 6 ವೋಲ್ಟ್ ಸೆಲ್ಫನ್ನೇ ಉಳಿಸಿಕೊಳ್ಳುತ್ತಾರೆ. ಅದಕ್ಕೆ 12 ವೋಲ್ಟ್ ಕೊಟ್ಟರೆ ಕರೆಂಟ್ ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಇಂಜಿನ್ ಜೋರಾಗಿ ತಿರುಗುತ್ತದೆ, ಖುಷಿಯಾಗುತ್ತದೆ, ಆದರೆ ಕೇಬಲ್ ಮತ್ತು ಸೆಲ್ಫ್ ಮೇಲೆ ಬೀಳುವ ಭಾರವೂ ಹೆಚ್ಚು. ಹಾಗಾಗಿ "12 ವೋಲ್ಟ್ ಆದರೆ ಸಣ್ಣ ಕೇಬಲ್ ಸಾಕು" ಅನ್ನುವ ಮಾತನ್ನು ನಂಬಬೇಡಿ.

ಮೊದಲು ಮಲ್ಟಿಮೀಟರ್, ಆಮೇಲೆ ತೀರ್ಮಾನ

ಈ ಟ್ರ್ಯಾಕ್ಟರ್‌ಗಳು ಹೊಸದಿದ್ದಾಗ 6 ವೋಲ್ಟ್‌ನಲ್ಲೇ ಸರಾಗವಾಗಿ ಸ್ಟಾರ್ಟ್ ಆಗುತ್ತಿದ್ದವು, ಅಲ್ವಾ? ಈಗ ಆಗುತ್ತಿಲ್ಲ ಅಂದರೆ ನಡುವೆ ಏನೋ ಕೆಟ್ಟಿದೆ.

ಪತ್ತೆ ಮಾಡುವುದು ಸುಲಭ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ, 6 ವೋಲ್ಟ್ ಬ್ಯಾಟರಿ ಸುಮ್ನೆ ನಿಂತಾಗ 6.3 ವೋಲ್ಟ್ ಆಸುಪಾಸು ತೋರಿಸಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ. ಇಂಜಿನ್ ಸ್ಟಾರ್ಟ್ ಆಗದ ಹಾಗೆ ಕಾಯಿಲ್ (ಕಿಡಿಗೆ ಕರೆಂಟ್ ಕೊಡುವ ಸುರುಳಿ) ವೈರ್ ತೆಗೆದಿಡಿ. ಒಬ್ಬರು ಸೆಲ್ಫ್ ಹೊಡೆಯುತ್ತಿರುವಾಗ ಇನ್ನೊಬ್ಬರು ಮೀಟರ್ ಹಿಡಿಯಲಿ. ಮೊದಲು ಬ್ಯಾಟರಿಯ ಎರಡು ಕಂಬಗಳ ನಡುವೆ ನೋಡಿ. 4.8ಕ್ಕಿಂತ ತೀರಾ ಕೆಳಗೆ ಕುಸಿದರೆ ಬ್ಯಾಟರಿ ಸೋತಿರಬಹುದು, ಇಲ್ಲವೇ ಸೆಲ್ಫ್ ಅತಿಯಾಗಿ ಎಳೆಯುತ್ತಿರಬಹುದು. ಆಮೇಲೆ ಬ್ಯಾಟರಿಯ ಅರ್ಥ್ ಕಂಬಕ್ಕೂ ಸೆಲ್ಫ್‌ನ ಬಾಡಿಗೂ ನಡುವೆ ನೋಡಿ. ಕೊನೆಗೆ ಇನ್ನೊಂದು ಕಂಬದಿಂದ ಸೆಲ್ಫ್‌ನ ಬೋಲ್ಟ್‌ವರೆಗೆ. ಇವೆರಡೂ ಕಡೆ 0.3 ವೋಲ್ಟ್ ದಾಟಬಾರದು. ದಾಟಿದರೆ ಕಳ್ಳ ಅಲ್ಲೇ ಇದ್ದಾನೆ: ಸಣ್ಣ ಕೇಬಲ್, ಪೇಂಟ್ ಮೇಲೆ ಕೂರಿಸಿದ ಅರ್ಥ್, ಸುಟ್ಟ ಸೋಲೆನಾಯ್ಡ್ (ಸೆಲ್ಫ್‌ಗೆ ಕರೆಂಟ್ ಬಿಡುವ ಸ್ವಿಚ್), ಸಡಿಲ ಲಗ್.

ಎಲ್ಲ ಸರಿಯಿದ್ದೂ ನಿಧಾನ ತಿರುಗಿದರೆ ಸೆಲ್ಫ್ ಬಿಚ್ಚಬೇಕು. ಬುಷ್ ಸವೆದು ಆರ್ಮೇಚರ್ (ಮೋಟರಿನ ತಿರುಗುವ ಭಾಗ) ಒಳಗೆ ಉಜ್ಜುತ್ತಿರುತ್ತದೆ, ಅಥವಾ ಕಾರ್ಬನ್ ಬ್ರಷ್ ಮುಗಿದಿರುತ್ತದೆ. ಇಂಥ ಸೆಲ್ಫ್‌ಗೆ 12 ವೋಲ್ಟ್ ಕೊಡೋದು ಕುಂಟುವ ಎತ್ತಿಗೆ ಚಾಟಿ ಬೀಸಿದ ಹಾಗೆ. ಅಷ್ಟು ದೂರ ಓಡುತ್ತದೆ, ಆಮೇಲೆ ಬೀಳುತ್ತದೆ.

ಯಾವುದರ ಮೇಲೆ ತೂಗಬೇಕು?

ನನ್ನ ಪ್ರಕಾರ ಮುಖ್ಯವಾದದ್ದು ಕೆಲಸ. ವಾರಕ್ಕೊಮ್ಮೆ ಹಗಲಲ್ಲಿ ಓಡಿಸುವ ಗಾಡಿಯೋ, ರಾತ್ರಿ ದೀಪ ಹಾಕಿ ಉಳುವ ಗಾಡಿಯೋ? ಸ್ಪ್ರೇಯರ್ ಪಂಪ್, ವರ್ಕ್ ಲೈಟ್, ಎಲೆಕ್ಟ್ರಿಕ್ ವಿಂಚ್ ಇಂಥದ್ದೇನಾದರೂ ಅದಕ್ಕೆ ಕಟ್ಟುತ್ತೀರಾ? ಎರಡನೆಯದು ಇಗ್ನಿಷನ್. ಮ್ಯಾಗ್ನೆಟೋ (ತಾನೇ ಕರೆಂಟ್ ಹುಟ್ಟಿಸಿ ಕಿಡಿ ಕೊಡುವ ಸಾಧನ) ಇದ್ದರೆ ಕಿಡಿಗೆ ಬ್ಯಾಟರಿಯ ಹಂಗೇ ಇಲ್ಲ, ಬದಲಾವಣೆ ತುಂಬಾ ಸರಳ. ಕಾಯಿಲ್–ಪಾಯಿಂಟ್ (ಬ್ಯಾಟರಿಯ ಕರೆಂಟ್‌ನಿಂದ ಕಿಡಿ ಮಾಡುವ ಬಗೆ) ಇದ್ದರೆ ಅಲ್ಲೂ ಕೈ ಹಾಕಬೇಕು. ಆಮೇಲೆ ನಿಮ್ಮ ಹತ್ತಿರ 6 ವೋಲ್ಟ್ ಬ್ಯಾಟರಿ, ಬಲ್ಬು ಸುಲಭಕ್ಕೆ ಸಿಗುತ್ತಾ ಅನ್ನೋದು. ಗಾಡಿ ಮೂಲ ರೂಪದಲ್ಲೇ ಇರಬೇಕು ಅನ್ನುವ ಆಸೆ ಇದೆಯಾ ಅನ್ನೋದು ಕೂಡ. ಖರ್ಚು ಕೊನೆಗೆ ಬರಲಿ. ಅಗ್ಗ ಅಂತ ಹಿಡಿದ ದಾರಿ ಇಲ್ಲಿ ಬಹಳ ಸಲ ಎರಡೆರಡು ಸಲ ಖರ್ಚು ಮಾಡಿಸುತ್ತದೆ.

6 ವೋಲ್ಟನ್ನೇ ಸರಿಮಾಡಿಕೊಳ್ಳುವುದು

ಎಲ್ಲಕ್ಕಿಂತ ಕಡಿಮೆ ಖರ್ಚಿನದು, ಆದರೆ ಯಾರೂ ಮೊದಲು ಯೋಚಿಸದ ದಾರಿ. ಕಾರಿನ ಅಂಗಡಿಯಲ್ಲಿ ಸಿಗುವ ರೆಡಿಮೇಡ್ ಕೇಬಲ್ ಇಲ್ಲಿ ಸಾಲದು. ಅದರ ತಾಮ್ರ ಹೆಚ್ಚಾಗಿ 16ರಿಂದ 25 ಚದರ ಮಿ.ಮೀ. ಇರುತ್ತದೆ. 6 ವೋಲ್ಟ್ ಸೆಲ್ಫ್‌ಗೆ ಕನಿಷ್ಠ 50 ಚದರ ಮಿ.ಮೀ. ಬೇಕು, ದೂರ ಇದ್ದರೆ 70. ವೆಲ್ಡಿಂಗ್ ಕೇಬಲ್ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಅರ್ಥ್ ಕೇಬಲ್ ಬ್ಯಾಟರಿ ಟ್ರೇಗೆ ಹೋಗಬಾರದು. ನೇರವಾಗಿ ಸೆಲ್ಫ್ ಕೂರಿಸಿದ ಬೋಲ್ಟ್‌ಗೋ ಇಂಜಿನ್ ಬ್ಲಾಕ್‌ಗೋ ಹೋಗಲಿ, ಅಲ್ಲಿ ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ. ಸೆಲ್ಫ್‌ಗೆ ಹೊಸ ಬುಷ್, ಬ್ರಷ್ ಹಾಕಿಸಿ.

ಇಷ್ಟು ಮಾಡಿದರೆ ಇಂಜಿನ್ ಆರೋಗ್ಯವಾಗಿರುವ ಬಹುತೇಕ ಗಾಡಿಗಳು ಎದ್ದು ನಿಲ್ಲುತ್ತವೆ. ಪಾಸಿಟಿವ್ ಅರ್ಥ್, ಬಲ್ಬು, ಕಾಯಿಲ್, ಮೀಟರ್ ಯಾವುದನ್ನೂ ಮುಟ್ಟಬೇಕಾಗಿಲ್ಲ. ಕೊರತೆಗಳೂ ಇವೆ. ಬ್ಯಾಟರಿ ಚಾರ್ಜ್ ಮಾಡುವ ಹಳೇ ಡೈನಮೋ (ಮೂರನೇ ಬ್ರಷ್‌ನಿಂದ ಕರೆಂಟ್ ಹೊಂದಿಸುವ ಬಗೆ) ಕೊಡುವುದು 10–20 ಆಂಪಿಯರ್ ಮಾತ್ರ. 35 ವಾಟ್‌ನ ಎರಡು ಹೆಡ್‌ಲೈಟ್ ಹಾಕಿದರೇ ಸುಮಾರು 12 ಆಂಪಿಯರ್ ಹೋಯಿತು. ಇಂಜಿನ್ ನಿಧಾನಕ್ಕೆ ಓಡುವಾಗ ಡೈನಮೋ ಚಾರ್ಜೇ ಕೊಡುವುದಿಲ್ಲ. ದಾರಿಯಲ್ಲಿ ಕೈಕೊಟ್ಟರೆ ಬೇರೆ ಗಾಡಿಯಿಂದ ನಿಶ್ಚಿಂತೆಯಾಗಿ ಜಂಪ್ ಕೊಡಲೂ ಆಗುವುದಿಲ್ಲ. ಹಗಲು ಓಡಾಟ, ಪ್ರದರ್ಶನ, ಮೂಲ ರೂಪದ ಮೇಲೆ ಪ್ರೀತಿ ಇರುವವರು ಇಲ್ಲೇ ನಿಲ್ಲಬಹುದು. ರಾತ್ರಿ ಕೆಲಸದವರು ಮುಂದೆ ಓದಿ.

12 ವೋಲ್ಟ್, ಆದರೆ ಡೈನಮೋ ಜೊತೆ

ಇದರಲ್ಲಿ ಎರಡು ಬಗೆ. ಒಂದು, ಇರುವ 6 ವೋಲ್ಟ್ ಡೈನಮೋದಿಂದಲೇ 12 ವೋಲ್ಟ್ ಬ್ಯಾಟರಿ ಚಾರ್ಜ್ ಮಾಡುವುದು. ಜೋರಾಗಿ ತಿರುಗಿಸಿದರೆ ಡೈನಮೋ ಅಷ್ಟು ವೋಲ್ಟ್ ಕೊಡುತ್ತದೆ ನಿಜ. ಆದರೆ ಅದಕ್ಕೆ ಹೆಚ್ಚುಕಡಿಮೆ ಎರಡರಷ್ಟು ವೇಗ ಬೇಕು, ಫೀಲ್ಡ್ ಕಾಯಿಲ್ (ಒಳಗೆ ಕಾಂತಶಕ್ತಿ ಹುಟ್ಟಿಸುವ ಸುರುಳಿ) ಬಿಸಿಯಾಗುತ್ತದೆ, ಹಳೇ ಕಟ್‌ಔಟ್ (ಬ್ಯಾಟರಿಯಿಂದ ಡೈನಮೋಗೆ ಕರೆಂಟ್ ವಾಪಸ್ ಹರಿಯದಂತೆ ತಡೆಯುವ ಸ್ವಿಚ್) ಕೂಡ ಹೊಂದುವುದಿಲ್ಲ. ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ಇನ್ನೊಂದು, ಸರಿಯಾದ 12 ವೋಲ್ಟ್ ಡೈನಮೋ ಮತ್ತು ಅದಕ್ಕೆ ಜೋಡಿಯಾದ ರೆಗ್ಯುಲೇಟರ್ (ಚಾರ್ಜಿನ ವೋಲ್ಟನ್ನು ಹದದಲ್ಲಿಡುವ ಸಾಧನ) ಹಾಕುವುದು. ಲ್ಯೂಕಾಸ್ ಸಿ40 ಡೈನಮೋ, ಆರ್‌ಬಿ106 ಕಂಟ್ರೋಲ್ ಬಾಕ್ಸ್ ಥರದ ಜೋಡಿಗಳು. ಸಿ40 ಕೊಡುವುದು 22 ಆಂಪಿಯರ್. ಹೆಡ್‌ಲೈಟ್ ಹಾಕಿಯೂ ಬ್ಯಾಟರಿಗೆ ಉಳಿಯುತ್ತದೆ. ನೋಡೋಕೆ ಹಳೇ ಕಾಲದ್ದೇ ಅನ್ನಿಸುತ್ತದೆ. ಪಾಸಿಟಿವ್ ಅರ್ಥ್ ಉಳಿಸಿಕೊಳ್ಳಬಹುದು, ಬೇಕಾದರೆ ನೆಗೆಟಿವ್ ಮಾಡಿ ಡೈನಮೋವನ್ನು ಹೊಸ ದಿಕ್ಕಿಗೆ ಪೋಲರೈಸ್ ಮಾಡಿಕೊಳ್ಳಬಹುದು, ಅಂದರೆ ಅದರ ಪ್ಲಸ್–ಮೈನಸ್ ಬದಲಾಯಿಸಿಕೊಳ್ಳಬಹುದು. ತೊಂದರೆ ಏನೆಂದರೆ ಒಳ್ಳೆಯ ಡೈನಮೋ, ರೆಗ್ಯುಲೇಟರ್ ಹುಡುಕಬೇಕು, ಅದನ್ನು ಸೆಟ್ ಮಾಡಲು ಬರುವ ಕೈ ಇನ್ನೂ ಅಪರೂಪ. ನಿಧಾನ ಓಟದಲ್ಲಿ ಚಾರ್ಜ್ ಇಲ್ಲ ಅನ್ನುವ ಕೊರತೆ ಇಲ್ಲೂ ಇದ್ದೇ ಇದೆ. ರೂಪ ಕೆಡಬಾರದು ಆದರೆ ದೀಪವೂ ಬೇಕು ಅನ್ನುವವರಿಗೆ ಇದು ಸರಿಯಾದ ನಡುದಾರಿ. ಉಳಿದವರಿಗೆ ಸುಮ್ನೆ ಕಷ್ಟ.

ಆಲ್ಟರ್ನೇಟರ್: ಹೆಚ್ಚಿನವರು ಬಂದು ಸೇರುವ ಜಾಗ

ಕೆಲಸದ ಟ್ರ್ಯಾಕ್ಟರ್‌ಗೆ ನನ್ನ ಮತ ಇದಕ್ಕೇ. 60 ಆಂಪಿಯರ್ ಆಲ್ಟರ್ನೇಟರ್ 14 ವೋಲ್ಟ್‌ನಲ್ಲಿ 800 ವಾಟ್ ದಾಟುತ್ತದೆ. ಹಳೇ ಡೈನಮೋದ 20 ಆಂಪಿಯರನ್ನು 7 ವೋಲ್ಟ್‌ನಿಂದ ಗುಣಿಸಿದರೆ ಸಿಗುವುದು 140 ವಾಟ್. ರೆಗ್ಯುಲೇಟರ್ ಒಳಗೇ ಇರುತ್ತದೆ. ಬಿಡಿಭಾಗ ಎಲ್ಲೆಡೆ ಸಿಗುತ್ತದೆ. ಆದರೆ ಬರೀ ಆಲ್ಟರ್ನೇಟರ್ ಕೂರಿಸಿದರೆ ಮುಗಿಯಲಿಲ್ಲ. ಅದರ ಹಿಂದೆ ಒಂದು ಸಾಲು ಸಣ್ಣ ಕೆಲಸಗಳಿವೆ, ಒಂದನ್ನು ಬಿಟ್ಟರೂ ಏನಾದರೂ ಸುಡುತ್ತದೆ.

ಮೊದಲನೆಯದು ಅರ್ಥ್. ಸಾಮಾನ್ಯವಾಗಿ ಸಿಗುವ ಆಲ್ಟರ್ನೇಟರ್‌ಗಳೆಲ್ಲ ನೆಗೆಟಿವ್ ಅರ್ಥ್. ಪಾಸಿಟಿವ್ ಅರ್ಥ್ ಗಾಡಿಯಲ್ಲಿ ಬ್ಯಾಟರಿಯ ಎರಡು ಕೇಬಲ್ ಅದಲು ಬದಲು ಮಾಡದೆ ಅದನ್ನು ಸೇರಿಸಿದರೆ ಒಳಗಿನ ಡಯೋಡ್‌ಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗಗಳು) ಆ ಕ್ಷಣಕ್ಕೇ ಹೋಗುತ್ತವೆ. ಹಾಗೆ ಅದಲು ಬದಲು ಮಾಡಿದರೆ ಸೆಲ್ಫ್ ಹಿಮ್ಮುಖ ತಿರುಗುತ್ತಾ ಅಂತ ಕೇಳುವವರಿದ್ದಾರೆ. ಹಳೇ ಸೆಲ್ಫ್‌ಗಳಲ್ಲಿ ಫೀಲ್ಡ್ ಮತ್ತು ಆರ್ಮೇಚರ್ ಎರಡರಲ್ಲೂ ಕರೆಂಟ್ ದಿಕ್ಕು ಒಟ್ಟಿಗೆ ಬದಲಾಗುವುದರಿಂದ ಅದು ಮೊದಲಿನ ದಿಕ್ಕಲ್ಲೇ ತಿರುಗುತ್ತದೆ. ಪರ್ಮನೆಂಟ್ ಮ್ಯಾಗ್ನೆಟ್ ಇರುವ ಹೊಸ ಬಗೆಯ ಮೋಟರ್ ಆದರೆ ಮಾತ್ರ ತಿರುವು ಬದಲಾಗುತ್ತದೆ. ಆಂಪಿಯರ್ ಮೀಟರಿನ ಎರಡು ವೈರ್ ಅದಲು ಬದಲು ಮಾಡಿ, ಇಲ್ಲದಿದ್ದರೆ ಚಾರ್ಜ್ ಆಗುವಾಗ ಮುಳ್ಳು ಉಲ್ಟಾ ಹೋಗುತ್ತದೆ. 30 ಆಂಪಿಯರ್ ಮೀಟರಿಗೆ 60 ಆಂಪಿಯರ್ ಆಲ್ಟರ್ನೇಟರ್ ಜಾಸ್ತಿಯಾಗಬಹುದು. ಅದರ ಬದಲು ವೋಲ್ಟ್ ಮೀಟರ್ ಹಾಕುವುದು ಒಳ್ಳೆಯದು.

ಎರಡನೆಯದು ಕಾಯಿಲ್. ಹೆಚ್ಚು ಜನ ಎಡವುವುದು ಇಲ್ಲೇ. ಕಾಯಿಲ್‌ನ ಕರೆಂಟನ್ನು ಬಿಟ್ಟು ತಡೆಯುವ ಪಾಯಿಂಟ್‌ಗಳು ನೆಮ್ಮದಿಯಾಗಿ ಹೊರುವುದು ಸುಮಾರು 4 ಆಂಪಿಯರ್. 6 ವೋಲ್ಟ್ ಕಾಯಿಲ್‌ನ ಪ್ರೈಮರಿ 1.5 ಓಮ್ ಆಸುಪಾಸು ಇದ್ದರೆ ಲೆಕ್ಕ ಸರಿಹೋಗುತ್ತದೆ. ಅದಕ್ಕೇ 12 ವೋಲ್ಟ್ ಕೊಟ್ಟರೆ 8 ಆಂಪಿಯರ್. ಪಾಯಿಂಟ್ ಸುಡುತ್ತದೆ, ಕಾಯಿಲ್ ಕಾದು ಸಾಯುತ್ತದೆ. ಎರಡು ಪರಿಹಾರ: ಸುಮಾರು 3 ಓಮ್‌ನ, ಹೊರಗಿನ ರೆಸಿಸ್ಟರ್ ಬೇಡದ 12 ವೋಲ್ಟ್ ಕಾಯಿಲ್ ಹಾಕಿ. ಇಲ್ಲವೇ ಹಳೇ ಕಾಯಿಲ್ ಉಳಿಸಿಕೊಂಡು ಮುಂದೆ 1.5 ಓಮ್‌ನ ಬಲ್ಲಾಸ್ಟ್ ರೆಸಿಸ್ಟರ್ ಹಾಕಿ. ಎರಡನ್ನೂ ಒಟ್ಟಿಗೆ ಹಾಕಿದರೆ ಕಿಡಿ ದುರ್ಬಲ. ಪೆಟ್ಟಿಗೆಯ ಮೇಲೆ ಬರೆದದ್ದನ್ನು ನೋಡಿ ಸುಮ್ಮನಾಗಬೇಡಿ, ಮೀಟರ್‌ನಲ್ಲಿ ಓಮ್ ಅಳೆಯಿರಿ. ಡಿಸ್ಟ್ರಿಬ್ಯೂಟರ್ ಮುಂದೆಯೇ ಇರುವ ಫೋರ್ಡ್‌ಗಳಲ್ಲಿ ಚೌಕದ ಕಾಯಿಲ್ ಇರುತ್ತದೆ, ಡ್ಯಾಶ್ ಹಿಂದೆ ಮೊದಲೇ ಒಂದು ರೆಸಿಸ್ಟರ್ ಕೂಡ. ಅಲ್ಲಿ ಒಟ್ಟು ಓಮ್ ಲೆಕ್ಕ ಹಾಕಬೇಕು. ಅರ್ಥ್ ಬದಲಾದ ಮೇಲೆ ದುಂಡು ಕಾಯಿಲ್‌ನ ನೆಗೆಟಿವ್ ತುದಿ ಡಿಸ್ಟ್ರಿಬ್ಯೂಟರ್ ಕಡೆಗೆ ಬರಬೇಕು.

ಇನ್ನು ವೈರ್. ಒಂದೇ ವೈರಿನ ಆಲ್ಟರ್ನೇಟರ್ ಅಂತ ಬರುತ್ತದೆ. ಬ್ಯಾಟರಿಗೆ ಒಂದು ದಪ್ಪ ವೈರ್ ಎಳೆದರೆ ಆಯಿತು. ಕೇಳೋಕೆ ಚಂದ. ಆದರೆ ಅದು ತಾನಾಗಿ ಎಚ್ಚರಗೊಳ್ಳಲು ಇಂಜಿನನ್ನು ಒಮ್ಮೆ ಜೋರಾಗಿ ಓಡಿಸಬೇಕು. ಕಾರಿನ ಇಂಜಿನ್ ಸಲೀಸಾಗಿ ಓಡುವ ವೇಗ ಟ್ರ್ಯಾಕ್ಟರ್‌ಗಿಲ್ಲ. ಫಾರ್ಮಾಲ್ ಎಚ್‌ನ ಪೂರ್ತಿ ವೇಗವೇ 1650 ಆರ್‌ಪಿಎಂ. ನಿಧಾನ ಕೆಲಸದಲ್ಲಿ ಅದು ಮಲಗೇ ಇರಬಹುದು. ಡೆಲ್ಕೊ 10ಎಸ್‌ಐ ಥರದ ಮೂರು ವೈರಿನದು ಕೀ ಹಾಕಿದ ಕೂಡಲೇ ಸಿದ್ಧವಾಗಿರುತ್ತದೆ. ದಪ್ಪ ವೈರ್ ಬ್ಯಾಟರಿಗೆ, 2ನೇ ಟರ್ಮಿನಲ್ ಅದೇ ದಪ್ಪ ವೈರಿನ ಬೋಲ್ಟ್‌ಗೆ, 1ನೇ ಟರ್ಮಿನಲ್ ಕೀಯಿಂದ. ಈ ಕೊನೆಯ ವೈರಿನಲ್ಲಿ ಒಂದು ಡಯೋಡ್ ಅಥವಾ ಚಾರ್ಜಿಂಗ್ ಬಲ್ಬ್ ಇರಲೇಬೇಕು. ಇಲ್ಲದಿದ್ದರೆ ಕೀ ತೆಗೆದರೂ ಆಲ್ಟರ್ನೇಟರಿನಿಂದ ಕರೆಂಟ್ ಹಿಂದಕ್ಕೆ ಹರಿದು ಕಾಯಿಲ್‌ಗೆ ಹೋಗುತ್ತದೆ, ಇಂಜಿನ್ ನಿಲ್ಲುವುದೇ ಇಲ್ಲ. ಎರಡರಲ್ಲಿ ನಾನಾದರೆ ಮೂರು ವೈರಿನದನ್ನೇ ಆರಿಸಿಕೊಳ್ಳುತ್ತೇನೆ. ಯಾವುದೇ ಹಾಕಿದರೂ ಚಿಕ್ಕ ಪುಲ್ಲಿ ಇರಲಿ, ಬೆಲ್ಟಿನ ಅಗಲಕ್ಕೆ ಪುಲ್ಲಿ ಹೊಂದಲಿ. ದಪ್ಪ ವೈರ್ 6ರಿಂದ 10 ಚದರ ಮಿ.ಮೀ. ಇರಲಿ, ಬ್ಯಾಟರಿ ಹತ್ತಿರ ಫ್ಯೂಸ್ ಇರಲಿ.

ಉಳಿದದ್ದು ಚಿಲ್ಲರೆ ಕೆಲಸ. ಬಲ್ಬ್ ಎಲ್ಲ ಬದಲಾಗಬೇಕು. ಸೋಲೆನಾಯ್ಡ್ ಇದ್ದರೆ ಅದೂ 12 ವೋಲ್ಟ್‌ದು, ಮೊದಲಿದ್ದ ಬಗೆಯದೇ ಆಗಬೇಕು. ಎಲೆಕ್ಟ್ರಿಕ್ ಡೀಸೆಲ್/ಪೆಟ್ರೋಲ್ ಗೇಜ್ ಇದ್ದರೆ ವೋಲ್ಟೇಜ್ ಇಳಿಸುವ ರೆಡ್ಯೂಸರ್ ಬೇಕು. ಆಯಿಲ್ ಪ್ರೆಷರ್ ಗೇಜ್ ಹೆಚ್ಚಾಗಿ ಪೈಪಿನದು, ಅದಕ್ಕೆ ಏನೂ ಬೇಡ. ಕೆಲವು ಗಾಡಿಗಳಲ್ಲಿ ಡೈನಮೋದ ಹಿಂಬದಿಗೆ ಮೀಟರ್ ಕೇಬಲ್ಲೋ ಹೈಡ್ರಾಲಿಕ್ ಪಂಪೋ ಸೇರಿಸಿರುತ್ತಾರೆ. ಡೈನಮೋ ಬಿಚ್ಚುವ ಮೊದಲೇ ಅದನ್ನು ನೋಡಿಕೊಳ್ಳಿ. ಬಟ್ಟೆ ಸುತ್ತಿದ ಹಳೇ ವೈರಿಂಗ್ ಉದುರುತ್ತಿದ್ದರೆ ಈಗಲೇ ಪೂರ್ತಿ ಬದಲಾಯಿಸಿ, ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇದೆ.

ಹಳೇ ಸೆಲ್ಫ್ ಏನಾಗುತ್ತದೆ?

6 ವೋಲ್ಟ್ ಸೆಲ್ಫ್ 12ರಲ್ಲಿ ವರ್ಷಗಟ್ಟಲೆ ಬಾಳಿದ್ದೂ ಇದೆ, ಮುರಿದದ್ದೂ ಇದೆ. ವ್ಯತ್ಯಾಸ ಇರುವುದು ಇಂಜಿನ್ ಎಷ್ಟು ಬೇಗ ಸ್ಟಾರ್ಟ್ ಆಗುತ್ತದೆ ಅನ್ನುವುದರಲ್ಲಿ. ಒಂದೆರಡು ಸೆಕೆಂಡಿಗೆ ಹತ್ತಿಕೊಳ್ಳುವ ಇಂಜಿನ್ ಆದರೆ ಚಿಂತೆ ಬೇಡ. ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ಅರ್ಧ ನಿಮಿಷ ಆರಲು ಬಿಡಿ. ಬೆಂಡಿಕ್ಸ್ (ಸೆಲ್ಫ್ ತುದಿಯ, ಇಂಜಿನ್‌ಗೆ ಕಚ್ಚಿಕೊಳ್ಳುವ ಹಲ್ಲುಚಕ್ರ) ಈಗ ಫ್ಲೈವೀಲ್ ಹಲ್ಲಿಗೆ ಮೊದಲಿಗಿಂತ ಜೋರಾಗಿ ಬಡಿಯುತ್ತದೆ, ಕಿಡಿಯ ಟೈಮಿಂಗ್ ಮುಂದೆ ಇದ್ದು ಇಂಜಿನ್ ಹಿಂದಕ್ಕೆ ಒದ್ದರೆ ಅದರ ಸ್ಪ್ರಿಂಗ್ ಮುರಿಯುತ್ತದೆ. ಕಂಪ್ರೆಷನ್ ಜಾಸ್ತಿ ಇರುವ ಇಂಜಿನ್, ಚಳಿಯಲ್ಲಿ ತುಂಬಾ ಹೊತ್ತು ಹೊಡೆಯಬೇಕಾದ ಗಾಡಿ ಆದರೆ ಫೀಲ್ಡ್ ಕಾಯಿಲನ್ನು 12 ವೋಲ್ಟ್‌ಗೆ ರಿವೈಂಡ್ ಮಾಡಿಸಿ, ಅಥವಾ 12 ವೋಲ್ಟ್ ಸೆಲ್ಫನ್ನೇ ಹಾಕಿ. ಇನ್ನೊಂದು ಎಚ್ಚರ: ಗೇರ್‌ನಲ್ಲಿದ್ದಾಗ ಸೆಲ್ಫ್ ತಡೆಯುವ ಏರ್ಪಾಡು ಎಲ್ಲ ಹಳೇ ಗಾಡಿಗಳಲ್ಲಿ ಇಲ್ಲ. 12 ವೋಲ್ಟ್ ಸೆಲ್ಫ್ ಟ್ರ್ಯಾಕ್ಟರನ್ನೇ ಮುಂದಕ್ಕೆ ಎಗರಿಸಬಲ್ಲದು.

ಅಡ್ಡದಾರಿಗಳು

8 ವೋಲ್ಟ್ ಬ್ಯಾಟರಿ ಅಂತ ಒಂದು ಇದೆ. ನಾಲ್ಕು ಸೆಲ್‌ನದು. ಸೆಲ್ಫ್ ಸ್ವಲ್ಪ ಚುರುಕಾಗುತ್ತದೆ. ಆದರೆ ಅದು ಪೂರ್ತಿ ತುಂಬಲು 9.5 ವೋಲ್ಟ್ ಹತ್ತಿರ ಬೇಕು, 6 ವೋಲ್ಟ್ ರೆಗ್ಯುಲೇಟರ್ ಅಷ್ಟು ಕೊಡುವುದಿಲ್ಲ, ರೆಗ್ಯುಲೇಟರ್ ಏರಿಸಿದರೆ ಬಲ್ಬ್ ಬೇಗ ಹೋಗುತ್ತದೆ. ಕೆಟ್ಟ ಕೇಬಲ್‌ನ ಸಮಸ್ಯೆಗೆ ಇದು ಮುಲಾಮು ಅಷ್ಟೇ. ಬೇಡ.

ಮ್ಯಾಗ್ನೆಟೋ ಗಾಡಿ, ದೀಪ ಬೇಡ, ವಾರಕ್ಕೊಮ್ಮೆ ಓಡಿಸುವುದು ಅಂದರೆ ಮಾತ್ರ ಒಂದು ಅಗ್ಗದ ದಾರಿ ಇದೆ: 12 ವೋಲ್ಟ್ ಬ್ಯಾಟರಿ ಇಟ್ಟು ಸೆಲ್ಫ್‌ಗೆ ಮಾತ್ರ ಕೊಡಿ, ಡೈನಮೋದ ವೈರ್ ಮತ್ತು ಬೆಲ್ಟ್ ತೆಗೆದಿಡಿ, ಮನೆಯಲ್ಲಿ ಚಾರ್ಜರ್‌ಗೆ ಹಾಕಿ. ಕಿಡಿಗೆ ಬ್ಯಾಟರಿ ಬೇಡವಾದ್ದರಿಂದ ನಡುವೆ ನಿಂತುಹೋಗುವ ಭಯವಿಲ್ಲ. ಆ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುವುದಾದರೆ ಬೆಲ್ಟ್ ತೆಗೆಯುವಂತಿಲ್ಲ ಅನ್ನೋದು ನೆನಪಿರಲಿ.

24 ವೋಲ್ಟ್‌ನಿಂದ 12ಕ್ಕೆ ಇಳಿಸುವವರೂ ಇದ್ದಾರೆ. ಜಾನ್ ಡಿಯರ್ 3010, 4010 ಡೀಸೆಲ್‌ಗಳು ಹಾಗೆ ಬಂದಿದ್ದವು. ಅಲ್ಲಿ ಲೆಕ್ಕ ಉಲ್ಟಾ. ಕರೆಂಟ್ ಹೆಚ್ಚುತ್ತದೆ, ಹಾಗಾಗಿ 12 ವೋಲ್ಟ್ ಸೆಲ್ಫ್ ಮತ್ತು ದಪ್ಪ ಕೇಬಲ್ ಇಲ್ಲದೆ ಕೈ ಹಾಕಲೇಬಾರದು.

ಕೆಲಸ ಮುಗಿದ ದಿನ

ಬ್ಯಾಟರಿ ಸೇರಿಸುವಾಗ ಅರ್ಥ್ ಕೇಬಲ್ ಕೊನೆಗೆ, ಬಿಚ್ಚುವಾಗ ಅದೇ ಮೊದಲು. ಕೈಬೆರಳ ಉಂಗುರ ತೆಗೆದಿಡಿ. ಇಂಜಿನ್ ನಿಂತಿರುವಾಗ ಬ್ಯಾಟರಿಯಲ್ಲಿ 12.6 ವೋಲ್ಟ್, ಓಡುವಾಗ 13.8ರಿಂದ 14.5 ತೋರಿಸಬೇಕು. 15 ದಾಟಿದರೆ ಕೂಡಲೇ ನಿಲ್ಲಿಸಿ. ಕೆಲವು ಸಲ ಸೆಲ್ಫ್ ಹೊಡೆದ ಮೇಲೆ ಪ್ರತಿ ಲಗ್ ಮುಟ್ಟಿ ನೋಡಿ, ಬಿಸಿಯಾದದ್ದು ಸಡಿಲವಿದೆ. ಅರ್ಧ ಗಂಟೆ ಓಡಿಸಿ ಕಾಯಿಲ್ ಮುಟ್ಟಿ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಓಮ್ ಲೆಕ್ಕ ತಪ್ಪಿದೆ. ಕೊನೆಗೆ ಕೀ ತೆಗೆಯಿರಿ. ಇಂಜಿನ್ ನಿಲ್ಲದಿದ್ದರೆ 1ನೇ ಟರ್ಮಿನಲ್ ವೈರಿನಲ್ಲಿ ಡಯೋಡ್ ಇಲ್ಲ, ಇಲ್ಲವೇ ಅದು ಕೆಟ್ಟು ಎರಡೂ ಕಡೆ ಬಿಡುತ್ತಿದೆ. ನಿಂತು, ಆದರೆ ಓಡುವಾಗ ಚಾರ್ಜೇ ಆಗುತ್ತಿಲ್ಲ ಅಂದರೆ ಡಯೋಡ್ ಉಲ್ಟಾ ಕೂತಿರಬಹುದು. ಅದರ ಪಟ್ಟಿ ಇರುವ ತುದಿ ಆಲ್ಟರ್ನೇಟರ್ ಕಡೆಗಿರಬೇಕು.